ಮಗ ಯಾರ ಫೋನಿಗೆ ಎದ್ದು ಓಡುತ್ತಾನೆ?

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ್ದು, ಹುಡುಗರ ಗ್ಯಾಂಗು, ಹೊಡೆದಾಟ. ಮಂಗಳೂರಿನಿಂದ ಮಲ್ಪೆವರೆಗೆ ಬೇರೆ ಬೇರೆ ಊರಿನವರು ಬರೆದದ್ದು, ಒಬ್ಬರಿಗೊಬ್ಬರ ಪರಿಚಯವೂ ಇಲ್ಲ, ಆದರೆ ಓದುತ್ತಾ ಹೋದರೆ ಒಂದೇ ಮನೆಯವರು ಬರೆದ ಹಾಗಿದೆ. ಹಾಗಾಗಿ ಪರೀಕ್ಷೆ, ಸೀಟು, ಮದುವೆಯ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಯಾರ ಹೆಸರೂ ಹಾಕಿಲ್ಲ, ಹಾಕುವುದೂ ಇಲ್ಲ.

ಪ್ರಶ್ನೆ: ಟೀಚರ್, ಮಗನಿಗೆ 17 ವರ್ಷ, ಸೆಕೆಂಡ್ ಪಿಯುಸಿ. ಗಂಡ ಸೌದಿಯಲ್ಲಿದ್ದಾರೆ. ನಾಲ್ಕು ತಿಂಗಳಿಂದ ರಾತ್ರಿ ಫೋನ್ ಬಂದ ಕೂಡಲೇ ಊಟದ ಬಟ್ಟಲು ಬಿಟ್ಟು ಎದ್ದು ಹೋಗುತ್ತಾನೆ. ಕೇಳಿದರೆ "ಅಣ್ಣ ಕರೆದ್ರು" ಅಂತಾನೆ. ನಮ್ಮ ಸಂಬಂಧದಲ್ಲಿ ಅಂಥ ಅಣ್ಣ ಯಾರೂ ಇಲ್ಲ. ಹೊಸ ಶೂ, ಹೊಸ ಫೋನ್ ಬಂದಿದೆ, ದುಡ್ಡು ನಾನು ಕೊಟ್ಟದ್ದಲ್ಲ. ಕಳೆದ ವಾರ ಅವನ ಸ್ಟೇಟಸ್‌ನಲ್ಲಿ ಯಾರೋ ತಲವಾರು ಹಿಡಿದ ಫೋಟೊ ಇತ್ತು. ಗಂಡನಿಗೆ ಹೇಳಿದರೆ ಅಲ್ಲಿಂದಲೇ ಬೈದು ಫೋನ್ ಇಡ್ತಾರೆ. ಪೊಲೀಸರ ಹತ್ತಿರ ಹೋದರೆ ಮಗನ ಭವಿಷ್ಯವೇ ಹೋಗ್ತದೆ ಅಂತ ಹೆದರಿಕೆ. ನಾನು ಎಂತ ಮಾಡ್ಲಿ?
— ಒಬ್ಬ ತಾಯಿ, ಸುರತ್ಕಲ್ ಕಡೆ

ಉತ್ತರ: ತಂಗೀ, ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆ ಆದದ್ದು ತಲವಾರಿನ ಫೋಟೊ ನೋಡಿ ಅಲ್ಲ. ಅವನು ಅರ್ಧ ಊಟದಲ್ಲಿ ಎದ್ದು ಹೋಗುವುದು ಓದಿ. ಹಸಿದ ಹುಡುಗ ಮೀನು ಸಾರು, ಅನ್ನ ಬಿಟ್ಟು ಏಳುತ್ತಾನೆ ಅಂದರೆ ಆ ಫೋನಿಗೆ ಅವನು ಎಷ್ಟು ಹೆದರುತ್ತಾನೆ, ಅಥವಾ ಆ ಫೋನು ಅವನಿಗೆ ಎಷ್ಟು ಬೇಕು ನೋಡಿ. ಹೆಚ್ಚಾಗಿ ಎರಡೂ ಒಟ್ಟಿಗೆ ಇರುತ್ತದೆ.

ಈ ಅಣ್ಣಂದಿರು ಹುಡುಗರನ್ನು ಮೊದಲ ದಿನವೇ ಹೊಡೆದಾಟಕ್ಕೆ ಕರೆಯುವುದಿಲ್ಲ. ಬೈಕಿಗೆ ಪೆಟ್ರೋಲ್ ಹಾಕಿಸುತ್ತಾರೆ, ಬಿರಿಯಾನಿ ತಿನ್ನಿಸುತ್ತಾರೆ, "ನಿನಗೆ ಯಾರು ಬೈದದ್ದು, ಹೇಳು, ನಾನು ನೋಡ್ಕೊಳ್ತೇನೆ" ಅಂತಾರೆ. ಕ್ಲಾಸಿನಲ್ಲಿ ಕೊನೆಯ ಬೆಂಚಿನವನಿಗೆ, ಅಪ್ಪ ವರ್ಷಕ್ಕೊಮ್ಮೆ ಬರುವ ಮನೆಯವನಿಗೆ, ಈ ಒಂದು ಮಾತು ಸಾಕು. ಆಮೇಲೆ ಒಂದು ಪಾರ್ಸೆಲ್ ಕೊಟ್ಟು ಬಾ ಅಂತಾರೆ. ಆಮೇಲೆ ಶೂ, ಫೋನ್. ಹೀಗೆ ಅವರ ಋಣ ಬೆಳೆಯುತ್ತಾ ಹೋಗುತ್ತದೆ, ಒಂದು ದಿನ ಅದನ್ನು ತೀರಿಸು ಅಂತ ಕರೆಯುತ್ತಾರೆ.

18 ತುಂಬದ ಹುಡುಗರೇ ಯಾಕೆ ಬೇಕು ಗೊತ್ತಾ? ಸಿಕ್ಕಿಬಿದ್ದರೆ ಅವನಿಗೆ ಕಾನೂನು ಹಗುರ, ತಮ್ಮ ಹೆಸರು ಹೊರಗೆ ಬರುವುದಿಲ್ಲ ಅನ್ನುವ ಲೆಕ್ಕ. ಆ ಲೆಕ್ಕ ತಪ್ಪು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 95ನೇ ಸೆಕ್ಷನ್ ಪ್ರಕಾರ, 18 ವರ್ಷದೊಳಗಿನವರನ್ನು ಅಪರಾಧಕ್ಕೆ ಬಳಸಿದವನಿಗೆ ಕಡಿಮೆ ಅಂದರೆ 3 ವರ್ಷ, ಹೆಚ್ಚು ಅಂದರೆ 10 ವರ್ಷ ಜೈಲು. 2015ರ ಬಾಲನ್ಯಾಯ ಕಾಯ್ದೆಯ 83ನೇ ಸೆಕ್ಷನ್‌ನಲ್ಲೂ ಇದಕ್ಕೆ 7 ವರ್ಷದವರೆಗೆ ಕಠಿಣ ಶಿಕ್ಷೆ ಮತ್ತು 5 ಲಕ್ಷ ರೂಪಾಯಿ ದಂಡ ಇದೆ. ಇದನ್ನು ಮಗನಿಗೆ ಹೇಳಿ. ಹೆದರಿಸುವ ದನಿಯಲ್ಲಿ ಬೇಡ. "ಅಣ್ಣ ನಿನ್ನನ್ನೇ ಯಾಕೆ ಮುಂದೆ ನಿಲ್ಲಿಸ್ತಾರೆ, ಯೋಚನೆ ಮಾಡಿದ್ದೀಯಾ?" ಅಂತ ಕೇಳಿ, ಸುಮ್ನೆ ಬಿಡಿ. ಉತ್ತರ ಆಗಲೇ ಬರಬೇಕು ಅಂತಿಲ್ಲ.

ಮಾತಾಡುವ ಹೊತ್ತು ಕೂಡ ಮುಖ್ಯ. ರಾತ್ರಿ 12ಕ್ಕೆ ಬಾಗಿಲು ತೆರೆದು ನಿಂತು ಕೇಳಬೇಡಿ. ನಾನು 26 ವರ್ಷ ಪಿಯು ಹುಡುಗರಿಗೆ ಪಾಠ ಮಾಡಿದವಳು. ಎದುರು ಕೂರಿಸಿ ಕೇಳಿದಾಗ ಬಾಯಿ ಬಿಡದವರು ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತಾಗ, ಕಿಟಕಿ ಹೊರಗೆ ನೋಡುತ್ತಾ ಎಲ್ಲ ಹೇಳಿದ್ದಾರೆ. ಸಂತೆಗೋ ಅಜ್ಜಿ ಮನೆಗೋ ಅವನನ್ನು ಕರೆದುಕೊಂಡು ಹೋಗಿ. "ಯಾಕೆ ಸೇರಿದೆ" ಅಂತ ಕೇಳುವ ಬದಲು "ಬಿಡ್ಬೇಕು ಅಂದ್ರೆ ಯಾರಿಗೆ ಹೆದರ್ತೀಯ" ಅಂತ ಕೇಳಿ. ಫೋನ್ ಕಿತ್ತುಕೊಂಡರೆ ಇನ್ನೊಂದು ಫೋನ್ ಅಣ್ಣನೇ ಕೊಡಿಸುತ್ತಾನೆ.

ಗಂಡನಿಗೆ ನನ್ನ ಒಂದು ಮಾತು ತಲುಪಿಸಿ. ದಿನಾ ಹತ್ತು ನಿಮಿಷ ಮಗನಿಗೇ ಫೋನ್ ಮಾಡಲಿ, ಮಾರ್ಕ್ಸ್ ಕೇಳದೆ, ಬೈಯದೆ. ಅಲ್ಲಿ ರೂಮಿನಲ್ಲಿ ಏನು ಅಡುಗೆ, ಎಷ್ಟು ಸೆಕೆ, ಅಷ್ಟು ಮಾತಾಡಿದರೂ ಸಾಕು.

ರಜೆಯಲ್ಲಿ ಒಂದೆರಡು ತಿಂಗಳು ಬೇರೆ ಊರಿನ ಮಾವನ ಮನೆಗೆ ಕಳಿಸಲು ಆಗುತ್ತದಾ ನೋಡಿ. ಇದು ಓಡಿಹೋಗುವುದು ಅಲ್ಲ. ಅಮೆರಿಕದಲ್ಲಿ ಹುಡುಗರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳ ಪ್ರಕಾರ, ಗ್ಯಾಂಗಿಗೆ ಸೇರಿದ ಹೆಚ್ಚಿನವರು ಒಂದೆರಡು ವರ್ಷದಲ್ಲಿ ಹೊರಗೆ ಬಂದಿದ್ದಾರೆ. ಬಹಳ ಮಂದಿ ಜಗಳ ಮಾಡಿ ಬಿಟ್ಟದ್ದಲ್ಲ, ಕೆಲಸ ಸಿಕ್ಕಿ, ಊರು ಬದಲಾಗಿ, ಸಾಕಾಗಿ, ಮೆಲ್ಲಗೆ ದೂರ ಆದದ್ದು. ಆ ದೂರಕ್ಕೆ ನೀವು ದಾರಿ ಮಾಡಿಕೊಡಬೇಕು. ಅಷ್ಟರೊಳಗೆ ಕೈಮೀರಿದ ಕೆಲಸ ಆಗದಂತೆ ನೋಡಿಕೊಳ್ಳುವುದೇ ನಮ್ಮ ಪಾಲಿನ ಕೆಲಸ.

ಪೊಲೀಸರ ವಿಷಯ. ಪ್ರತಿ ಠಾಣೆಯಲ್ಲೂ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು ಅಂತ ಕಾನೂನೇ ಹೇಳುತ್ತದೆ. ಕೇಸು ಆಗುವ ಮೊದಲೇ ಹೋಗಿ ಅವರ ಹತ್ತಿರ ಮಾತಾಡಿ. ಒಬ್ಬರೇ ಹೋಗಬೇಡಿ, ಮಗನ ಲೆಕ್ಚರರ್ ಅಥವಾ ನಿಮ್ಮ ಅಣ್ಣನನ್ನು ಕರೆದುಕೊಂಡು ಹೋಗಿ. ಠಾಣೆಗೆ ಹೋಗಲು ಧೈರ್ಯ ಇಲ್ಲದಿದ್ದರೆ 1098ಕ್ಕೆ ಫೋನ್ ಮಾಡಿ, ಅದು ಮಕ್ಕಳ ಸಹಾಯವಾಣಿ. ಗಾಂಜಾ ವಾಸನೆ ಏನಾದರೂ ಬಂದಿದ್ದರೆ ಮುಚ್ಚಿಡಬೇಡಿ, 14446 ಚಟ ಬಿಡಿಸುವ ಸಹಾಯವಾಣಿ, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಆ ಅಣ್ಣನ ಮನೆಗೆ ಮಾತ್ರ ನೀವು ಹೋಗಬೇಡಿ, ಬೇಡಿಕೊಳ್ಳಲೂ ಬೇಡ, ಜಗಳಕ್ಕೂ ಬೇಡ.

ಪ್ರಶ್ನೆ: ನನಗೂ 17. ಫ್ರೆಂಡ್ ಒಬ್ಬ ಎರಡು ದಿನ ಇಟ್ಟುಕೋ ಅಂತ ಒಂದು ಬ್ಯಾಗ್ ಕೊಟ್ಟಿದ್ದಾನೆ. ತೆರೆದು ನೋಡಿಲ್ಲ, ಆದರೆ ಉದ್ದಕ್ಕೆ ಗಟ್ಟಿ ಏನೋ ಉಂಟು. ಶನಿವಾರ ಬೈಕ್ ಓಡಿಸ್ಲಿಕ್ಕೆ ಬಾ, ನೀನು ಎಂತ ಮಾಡ್ಬೇಕಂತಿಲ್ಲ, ಬೈಕ್ ಮಾತ್ರ ಅಂತಾನೆ. ಬೈಕ್ ಓಡಿಸಿದರೆ ಕೇಸ್ ಆಗ್ತದಾ?
— ಕಾಪು

ಉತ್ತರ: ಆಗ್ತದೆ ಮಗಾ. ಐದು ಜನರೋ ಅದಕ್ಕಿಂತ ಜಾಸ್ತಿಯೋ ಒಂದೇ ಉದ್ದೇಶಕ್ಕೆ ಸೇರಿ ಹೊರಟರೆ, ಒಬ್ಬ ಕಡಿದರೂ ಕೇಸು ಎಲ್ಲರ ಮೇಲೆ. ಇಬ್ಬರೇ ಇದ್ದರೂ, ಏನು ನಡೆಯುತ್ತದೆ ಅಂತ ಗೊತ್ತಿದ್ದು ಬೈಕ್ ಓಡಿಸಿದರೆ ನೀನೂ ಪಾಲುದಾರ. 18 ಆಗಿಲ್ಲ, ಏನೂ ಆಗುವುದಿಲ್ಲ ಅಂತ ಯಾರಾದರೂ ಹೇಳಿದ್ದರೆ ಅದನ್ನು ನಂಬಬೇಡ. 16 ದಾಟಿದವನು ಕೊಲೆಯಂಥ ಘೋರ ಅಪರಾಧದಲ್ಲಿ ಸಿಕ್ಕಿದರೆ, ಬಾಲನ್ಯಾಯ ಮಂಡಳಿ ಅವನ ತಿಳಿವಳಿಕೆ ಪರಿಶೀಲಿಸಿ, ದೊಡ್ಡವರ ಹಾಗೆಯೇ ವಿಚಾರಣೆ ಆಗಲಿ ಅಂತ ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು.

ಆ ಬ್ಯಾಗನ್ನು ಬಾವಿಗೋ ಹೊಳೆಗೋ ಎಸೆಯಬೇಡ, ತೆರೆಯಬೇಡ, ವಾಪಸ್ ಕೊಡಲೂ ಹೋಗಬೇಡ. ಇವತ್ತೇ ಅಪ್ಪನಿಗೋ ಅಮ್ಮನಿಗೋ ಹೇಳು, ಅವರಿಗೆ ಹೇಳಲು ಆಗದಿದ್ದರೆ ನಿನಗೆ ನಂಬಿಕೆ ಇರುವ ಮಾಸ್ಟ್ರಿಗೆ ಹೇಳು. ಅವರ ಜೊತೆಗೆ, ಸಾಧ್ಯವಾದರೆ ಒಬ್ಬ ವಕೀಲರನ್ನೂ ಕರೆದುಕೊಂಡು, ಠಾಣೆಗೆ ಹೋಗಿ ಕೊಡು. ಶನಿವಾರದೊಳಗೆ ಹೇಳಿದರೆ ಒಂದು ಜೀವ ಉಳಿಯಬಹುದು. ಅದು ನಿನ್ನ ಫ್ರೆಂಡಿನದ್ದೇ ಆಗಿರಬಹುದು. ತಕ್ಷಣ ಅಪಾಯ ಕಂಡರೆ 112. ಈ ಪತ್ರ ನನಗೆ ಸಿಕ್ಕಿದ ದಿನವೇ ನೀನು ಕೊಟ್ಟ ನಂಬರಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದ್ದೇನೆ, ಬೇರೆ ಹುಡುಗರೂ ಓದಲಿ ಅಂತ ಇಲ್ಲಿ ಹಾಕಿದ್ದು.

ಪ್ರಶ್ನೆ: ನಾನು ಉಡುಪಿ ಹತ್ತಿರದ ಒಂದು ಯುವಕ ಮಂಡಲದ ಕಾರ್ಯದರ್ಶಿ. ಅಂಡರ್‌ಆರ್ಮ್ ಕ್ರಿಕೆಟ್ ಟೂರ್ನಮೆಂಟಿನಲ್ಲಿ ಒಂದು ರನೌಟ್ ವಿಷಯಕ್ಕೆ ನಮ್ಮ ಊರಿನ ಹುಡುಗರಿಗೂ ಪಕ್ಕದ ಊರಿನವರಿಗೂ ಜಗಳ ಆಯಿತು. ಒಬ್ಬನ ತಲೆಗೆ ಏಳು ಹೊಲಿಗೆ ಬಿದ್ದಿದೆ. ಈಗ ಎರಡೂ ಕಡೆಯವರು ಸ್ಟೇಟಸ್ ಹಾಕುತ್ತಿದ್ದಾರೆ, "ವಿಟ್ಲಪಿಂಡಿಗೆ (ಕೃಷ್ಣಾಷ್ಟಮಿಯ ಮರುದಿನದ ಉತ್ಸವ) ನೋಡ್ಕೊಳ್ತೇವೆ" ಅಂತ. ಪೊಲೀಸರಿಗೆ ತಿಳಿಸಿದ್ದೇವೆ. ನಾವು ಊರಿನವರು ಏನು ಮಾಡಬಹುದು? ಸಭೆ ಕರೆದು ಭಾಷಣ ಮಾಡಿಸಿದರೆ ಸಾಕಾ?

ಉತ್ತರ: ಭಾಷಣದಿಂದ ಆಗುವ ಕೆಲಸ ಅಲ್ಲ ಇದು. ನಾನು ನೋಡಿದ ಒಂದು ರಾತ್ರಿಯ ಕಥೆ ಹೇಳುತ್ತೇನೆ.

ಹತ್ತು ವರ್ಷಕ್ಕೂ ಹಿಂದೆ ನನ್ನ ವಿದ್ಯಾರ್ಥಿಯೊಬ್ಬನನ್ನು ನೋಡಲು ಮಂಗಳೂರಿನ ಆಸ್ಪತ್ರೆಗೆ ಹೋಗಿದ್ದೆ. ತಲೆಗೆ ಬಂದ ತಲವಾರನ್ನು ಬರಿಗೈಯಲ್ಲಿ ತಡೆದಿದ್ದ. ಬಲ ಅಂಗೈ ಅಡ್ಡಕ್ಕೆ ಸೀಳಿ, ಬೆರಳು ಮಡಚುವ ನರಗಳು ತುಂಡಾಗಿದ್ದವು. ದಸರಾದಲ್ಲಿ ಹುಲಿವೇಷದ ತಂಡದ ಜೊತೆ ತಾಸೆ ಬಡಿಯುತ್ತಿದ್ದ ಹುಡುಗ ಅವನು. ಬ್ಯಾಂಡೇಜ್ ಸುತ್ತಿದ ಕೈ ದಿಂಬಿನ ಮೇಲಿತ್ತು. ತಾಯಿ ಗಂಜಿಗೆ ಉಪ್ಪಿನಕಾಯಿ ರಸ ಕಲಸಿ ಚಮಚದಲ್ಲಿ ಕೊಡುತ್ತಿದ್ದರು. ಅವನು ನುಂಗುತ್ತಾ ಎಡಗೈಯ ಎರಡು ಬೆರಳಿನಲ್ಲಿ ಮಂಚದ ಕಬ್ಬಿಣದ ಸರಳಿಗೆ ಹುಲಿಕುಣಿತದ ಪೆಟ್ಟು ಹಾಕುತ್ತಿದ್ದ, ತನಗೇ ಗೊತ್ತಿಲ್ಲದ ಹಾಗೆ. ನಾನು ತಿರುಗಿ ಕಿಟಕಿ ಕಡೆ ನೋಡಿದೆ.

ಬಾಗಿಲ ಹತ್ತಿರ ಅವನ ನಾಲ್ಕು ಜನ ಗೆಳೆಯರು ನಿಂತಿದ್ದರು. ಯಾರೂ ಅಳುತ್ತಿರಲಿಲ್ಲ. "ಇವತ್ತೇ ಮುಗಿಸ್ಬೇಕು" ಅಂತ ಒಬ್ಬ ಹೇಳಿದ್ದು ನನ್ನ ಕಿವಿಗೆ ಬಿತ್ತು. ನನ್ನ ಕಿವಿಗೆ ಮಾತ್ರ ಅಲ್ಲ, ಹುಡುಗನ ಸೋದರಮಾವನ ಕಿವಿಗೂ ಬಿತ್ತು. ಅವರು ಸಿಟಿ ಬಸ್ ಡ್ರೈವರ್, ಡ್ಯೂಟಿ ಮುಗಿಸಿ ಖಾಕಿ ಅಂಗಿಯಲ್ಲೇ ಬಂದಿದ್ದರು. ಬೈಯಲಿಲ್ಲ. "ಬನ್ನಿ ಮಕ್ಕಳೇ, ಚಾ ಕುಡಿಯುವ" ಅಂತ ನಾಲ್ವರನ್ನೂ ಕ್ಯಾಂಟೀನಿಗೆ ಕರೆದುಕೊಂಡು ಹೋದರು. ಬೈಕಿನ ಎರಡು ಕೀ ಕೇಳಿ ತೆಗೆದುಕೊಂಡು ತಮ್ಮ ಜೇಬಿಗೆ ಹಾಕಿದರು. ಕ್ಯಾಂಟೀನ್ ಮುಚ್ಚಿದ ಮೇಲೆ ಹೊರಗಿನ ಕಟ್ಟೆಯಲ್ಲಿ ಕೂತರು. ರಾತ್ರಿ ಒಂದು ಗಂಟೆವರೆಗೆ ಕೂತಿದ್ದರಂತೆ. ಆಮೇಲೆ ಒಬ್ಬೊಬ್ಬರನ್ನೂ ಅವರವರ ಮನೆ ಬಾಗಿಲಿಗೆ ಬಿಟ್ಟು, ತಾಯಂದಿರ ಕೈಗೆ ಒಪ್ಪಿಸಿದರು. ಆ ರಾತ್ರಿ ಏನೂ ಆಗಲಿಲ್ಲ. ಮರುದಿನ ಹೊಡೆದವರನ್ನು ಪೊಲೀಸರು ಹಿಡಿದರು.

ಮೊದಲ ಪೆಟ್ಟನ್ನು ತಡೆಯುವುದು ಕಷ್ಟ, ಅದು ಎಲ್ಲಿಂದ ಬರುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಎರಡನೆಯದು ಎಲ್ಲಿಂದ ಬರುತ್ತದೆ ಅಂತ ಇಡೀ ಊರಿಗೇ ಗೊತ್ತಿರುತ್ತದೆ ಅಲ್ವಾ? ನಿಮ್ಮ ಊರಿಗೆ ಈಗ ದಿನವೂ ಗೊತ್ತು, ಜಾಗವೂ ಗೊತ್ತು.

ಆ ಡ್ರೈವರ್ ಮಾಡಿದ್ದನ್ನೇ ಷಿಕಾಗೊ ನಗರದಲ್ಲಿ ಒಂದು ವ್ಯವಸ್ಥೆಯಾಗಿ ಮಾಡಿದರು. ಗ್ಯಾರಿ ಸ್ಲಟ್ಕಿನ್ ಎಂಬ ಡಾಕ್ಟರು ಆಫ್ರಿಕಾದಲ್ಲಿ ಕಾಲರಾ, ಏಡ್ಸ್ ಹರಡುವುದನ್ನು ತಡೆಯುವ ಕೆಲಸ ಮಾಡಿ ಊರಿಗೆ ವಾಪಸ್ ಬಂದವರು. ಹೊಡೆದಾಟವೂ ಅಂಟುರೋಗದ ಹಾಗೆ ಒಬ್ಬನಿಂದ ಇನ್ನೊಬ್ಬನಿಗೆ ಹೋಗುತ್ತದೆ ಅಂತ ಅವರಿಗೆ ಕಂಡಿತು. 2000ದಲ್ಲಿ ಅಲ್ಲಿನ ಒಂದು ಬಡಾವಣೆಯಲ್ಲಿ ಕೆಲಸ ಶುರು ಮಾಡಿದರು. ಹಿಂದೆ ಇದೇ ದಾರಿಯಲ್ಲಿ ಇದ್ದು ಬಿಟ್ಟುಬಂದವರನ್ನು, ಹುಡುಗರು ಯಾರ ಮಾತು ಕೇಳುತ್ತಾರೋ ಅಂಥವರನ್ನು, ಜಗಳ ಆದ ಕೂಡಲೇ ಆಸ್ಪತ್ರೆಗೆ, ಬೀದಿಗೆ, ಮನೆಗೆ ಕಳಿಸುವುದು. ಸ್ಕಾಟ್‌ಲೆಂಡಿನ ಗ್ಲಾಸ್ಗೊದಲ್ಲೂ ಹೀಗೆ. ಚಾಕು ಇರಿತಕ್ಕೆ ಕೆಟ್ಟ ಹೆಸರು ಪಡೆದ ಊರು ಅದು. 2005ರಲ್ಲಿ ಅಲ್ಲಿನ ಪೊಲೀಸರೇ ಇದಕ್ಕೆ ಬೇರೆ ಘಟಕ ಮಾಡಿದರು. 2008ರಲ್ಲಿ ಗ್ಯಾಂಗಿನ ಹುಡುಗರನ್ನು ಕೋರ್ಟಿನ ಹಾಲ್‌ಗೆ ಕರೆಸಿದರು, ಕೇಸಿಗಾಗಿ ಅಲ್ಲ, ಮಾತಿಗಾಗಿ. ಪೊಲೀಸರು, ಗಾಯ ಹೊಲಿಯುವ ಸರ್ಜನ್, ಪೆಟ್ಟು ತಿಂದವನ ತಾಯಿ ಮಾತಾಡಿದರು. ಬಿಡಲು ಮನಸ್ಸಿದ್ದವರಿಗೆ ಒಂದು ಫೋನ್ ನಂಬರ್ ಕೊಟ್ಟರು, ಓದು, ಕೆಲಸಕ್ಕೆ ಸಹಾಯ ಸಿಗುವ ನಂಬರ್.

ನಮ್ಮಲ್ಲಿ ಹೊಸ ಸಂಸ್ಥೆ ಹುಟ್ಟುಹಾಕುವುದೇ ಬೇಡ. ಮೊಗವೀರರಲ್ಲಿ ಮುಖಂಡರಾಗಿ ಗುರಿಕಾರರಿದ್ದಾರೆ. ಕ್ರೈಸ್ತರ ವಾಳೆಗಳಲ್ಲೂ, ಅಂದರೆ ಚರ್ಚಿನ ವಾರ್ಡುಗಳಲ್ಲೂ, ಮುಖಂಡರಿಗೆ ಗುರ್ಕಾರ್ ಅಂತಲೇ ಹೆಸರು. ಜಮಾತಿನ ಹಿರಿಯರು, ಉಸ್ತಾದರು ಇದ್ದಾರೆ. ಕಬಡ್ಡಿ ಕೋಚ್ ಇದ್ದಾರೆ, ಹುಲಿವೇಷದ ತಂಡದ ಯಜಮಾನರಿದ್ದಾರೆ. ವೇಷ ಹಾಕುವ ಮೊದಲು ಧೂಪ ಹಾಕಿ ಪೂಜೆ ಮಾಡುವ, ಊದು ಹಾಕುವ ದಿನ ಯಜಮಾನರು ಹೇಳಿದ ಮಾತನ್ನು ಮೀರುವ ಧೈರ್ಯ ಎಷ್ಟು ಹುಡುಗರಿಗೆ ಇದೆ ಹೇಳಿ? ಈ ವರ್ಷ ಎರಡೂ ಊರಿನ ತಂಡಗಳ ಊದಿಗೆ ನೀವು ಒಟ್ಟಿಗೆ ಹೋಗಿ ನಿಲ್ಲಿ.

ನಾನು ನಿಮ್ಮ ಜಾಗದಲ್ಲಿ ಇದ್ದರೆ ಮೊದಲು ಆ ಹೊಲಿಗೆ ಹಾಕಿಸಿಕೊಂಡ ಹುಡುಗನ ಮನೆಗೆ ಹೋಗುತ್ತಿದ್ದೆ, ಪಕ್ಕದ ಊರಿನ ಇಬ್ಬರು ಹಿರಿಯರನ್ನು ಕರೆದುಕೊಂಡು. ಆಸ್ಪತ್ರೆ ಖರ್ಚು ಯಾರು ಕೊಡುವುದು ಅಂತ ಅಲ್ಲೇ ಮಾತಾಡಿ. ಅದು ಸಣ್ಣ ವಿಷಯ ಅಲ್ಲ, ಕೇಳುವವರು ಇಲ್ಲ ಅನ್ನುವ ಸಿಟ್ಟೇ ಸೇಡಾಗುವುದು. ಆದರೆ ಕೇಸು ವಾಪಸ್ ತೆಗೆಯಿರಿ ಅಂತ ಮನೆಯವರನ್ನು ಒತ್ತಾಯಿಸಬೇಡಿ. ಕಾನೂನು ತನ್ನ ಕೆಲಸ ಮಾಡಲಿ, ನಿಮ್ಮದು ಬೇರೆ ಕೆಲಸ.

ಆಮೇಲೆ ಸ್ಟೇಟಸ್. ಈಗ ಜಗಳ ಮೈದಾನದಲ್ಲಿ ಮುಗಿಯುವುದಿಲ್ಲ, ಫೋನಿನಲ್ಲಿ ಬೆಳೆಯುತ್ತದೆ. 2024ರ ಮೇ ತಿಂಗಳಲ್ಲಿ ಉಡುಪಿ–ಮಣಿಪಾಲ ರಸ್ತೆಯ ಕುಂಜಿಬೆಟ್ಟಿನಲ್ಲಿ ಹುಡುಗರ ಎರಡು ಗುಂಪು ನಡುರಸ್ತೆಯಲ್ಲಿ ಕಾರಿಗೆ ಕಾರು ಗುದ್ದಿಸಿ ಹೊಡೆದಾಡಿದ ವಿಡಿಯೊವನ್ನು ನಾವೆಲ್ಲ ನೋಡಿದ್ದೇವೆ. ನೋಡಿದ್ದು ಮಾತ್ರ ಅಲ್ಲ, ಫಾರ್ವರ್ಡ್ ಮಾಡಿದ್ದೇವೆ. ಅಂಥ ವಿಡಿಯೊ ಎಷ್ಟು ಮೊಬೈಲಿಗೆ ಹೋಗುತ್ತದೋ ಆ ಹುಡುಗರ ಹವಾ ಅಷ್ಟು ಏರುತ್ತದೆ. ಮಂಡಲದ ಗ್ರೂಪಿನಲ್ಲಿ ಹೊಡೆದಾಟದ ಒಂದು ವಿಡಿಯೊವೂ ಬರಬಾರದು ಅಂತ ತೀರ್ಮಾನ ಮಾಡಿ. ಸ್ಟೇಟಸ್ ಹಾಕಿದವನಿಗೆ ಗ್ರೂಪಿನಲ್ಲಿ ಎಲ್ಲರ ಎದುರು ಬುದ್ಧಿ ಹೇಳಬೇಡಿ, ಮರ್ಯಾದೆ ಹೋಯಿತು ಅಂತ ಇನ್ನೊಂದು ಹಾಕುತ್ತಾನೆ. ಮನೆಗೆ ಹೋಗಿ, ಒಬ್ಬನೇ ಇದ್ದಾಗ ಹೇಳಿ.

ಇನ್ನೊಂದು ಮಾತು, ನಮ್ಮ ಕರಾವಳಿಯವರಿಗೆ ಹೇಳಲೇಬೇಕಾದದ್ದು. ಇಲ್ಲಿ ಹುಡುಗರ ಜಗಳಕ್ಕೆ ಧರ್ಮದ ಬಣ್ಣ ಹತ್ತಲು ಅರ್ಧ ಗಂಟೆ ಸಾಕು. ರನೌಟಿನ ಜಗಳ ಸಂಜೆಯೊಳಗೆ ಎರಡು ಸಮುದಾಯದ ಜಗಳ ಆಗಿಬಿಡುತ್ತದೆ, ಅದುವರೆಗೆ ಆ ಹುಡುಗರ ಮುಖವೇ ನೋಡದವರು ಅವರ ಪರ ನಿಲ್ಲಲು ಬರುತ್ತಾರೆ. ಹಾಗಾಗಿ ನಿಮ್ಮ ಜೊತೆ ಹೋಗುವವರಲ್ಲಿ ಎರಡೂ ಮೂರೂ ಸಮುದಾಯದವರು ಮೊದಲ ದಿನದಿಂದಲೇ ಇರಲಿ. ಗಲಾಟೆ ಆದ ಮೇಲೆ ಮಾಡುವ ಸೌಹಾರ್ದ ಸಭೆಗಿಂತ ಮೊದಲೇ ಒಟ್ಟಿಗೆ ಕುಡಿದ ಒಂದು ಚಾ ಜಾಸ್ತಿ ಕೆಲಸ ಮಾಡುತ್ತದೆ.

ಬೀಟ್ ಪೊಲೀಸರ ನಂಬರ್ ಇಟ್ಟುಕೊಳ್ಳಿ. ಕರ್ನಾಟಕದಲ್ಲಿ 2017ರಿಂದ ಇರುವ ಸುಧಾರಿತ ಬೀಟ್ ವ್ಯವಸ್ಥೆಯಲ್ಲಿ ಊರಿನವರಿಗೂ ಜಾಗ ಇದೆ, ಸೇರಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧದ 61 ದಿನ ಬೋಟಿನ ಹುಡುಗರಿಗೆ ಕೆಲಸ ಇರುವುದಿಲ್ಲ. ಆ ಎರಡು ತಿಂಗಳು ಮಂಡಲದ ಬಾಗಿಲು ಸಂಜೆ ತೆರೆದಿರಲಿ. ಮಳೆಯಲ್ಲಿ ಕ್ರಿಕೆಟ್ ಆಗುವುದಿಲ್ಲ, ಕೇರಂ ಬೋರ್ಡ್ ಇಟ್ಟರೂ ಸಾಕು. ಕೇರಂ ಬೋರ್ಡಿಗಿಂತ ಮುಖ್ಯ, ದಿನಾ ಅಲ್ಲಿ ಕೂರುವ ಒಬ್ಬ ದೊಡ್ಡವರು.

ಪ್ರಶ್ನೆ: ನಿಮ್ಮಂಥವರು ಮುದ್ದು ಮಾಡಿಯೇ ಇವರು ಹಾಳಾದದ್ದು. ನನ್ನ ತಮ್ಮನ ಅಂಗಡಿಗೆ ನುಗ್ಗಿ ಹೊಡೆದವರು ಒಂದು ವಾರದಲ್ಲಿ ಹೊರಗೆ ಬಂದರು. ಲಾಠಿ ರುಚಿ ತೋರಿಸಿ, ಶಾಲೆ ಮಕ್ಕಳನ್ನು ಒಂದು ದಿನ ಜೈಲಿಗೆ ಕರೆದುಕೊಂಡು ಹೋಗಿ ತೋರಿಸಿ. ಎಲ್ಲ ಸರಿ ಆಗ್ತದೆ.
— ನಿವೃತ್ತ ಬ್ಯಾಂಕ್ ಉದ್ಯೋಗಿ, ಮಂಗಳೂರು

ಉತ್ತರ: ಸರ್, ನಿಮ್ಮ ಸಿಟ್ಟು ನ್ಯಾಯದ್ದು. ತಮ್ಮನಿಗೆ ಹೊಡೆದವರಿಗೆ ಶಿಕ್ಷೆ ಆಗಬೇಕು, ಅದರಲ್ಲಿ ನನ್ನದು ಎರಡು ಮಾತಿಲ್ಲ. ಹೊಡೆಸಿಕೊಂಡವರ ಮನೆಗೆ ಯಾರೂ ಹೋಗದೆ ಹೊಡೆದವರ ಭವಿಷ್ಯದ ಬಗ್ಗೆ ಮಾತ್ರ ಮಾತಾಡುವುದು ನನಗೂ ಸರಿ ಕಾಣುವುದಿಲ್ಲ.

ಆದರೆ ಜೈಲು ತೋರಿಸಿ ಹೆದರಿಸುವುದನ್ನು ಅಮೆರಿಕದಲ್ಲಿ ಮಾಡಿ ನೋಡಿದ್ದಾರೆ. 1970ರ ದಶಕದಲ್ಲಿ ನ್ಯೂಜೆರ್ಸಿಯ ಜೈಲಿಗೆ ಹುಡುಗರನ್ನು ಕರೆದುಕೊಂಡು ಹೋಗಿ ಕೈದಿಗಳಿಂದಲೇ ಬೈಸಿ ಹೆದರಿಸಿದರು. ಬೇರೆ ರಾಜ್ಯಗಳೂ ಅದನ್ನೇ ಮಾಡಿದವು. ಆಮೇಲೆ ಲೆಕ್ಕ ತೆಗೆದರೆ, ಜೈಲು ನೋಡಿ ಬಂದ ಹುಡುಗರೇ ನೋಡದವರಿಗಿಂತ ಜಾಸ್ತಿ ಅಪರಾಧ ಮಾಡಿದ್ದರು. ನನಗೆ ಇದು ಆಶ್ಚರ್ಯ ಅಲ್ಲ. "ನಾನು ಜೈಲು ನೋಡಿದವ" ಅಂತ ಹೇಳಿಕೊಳ್ಳುವುದು ಆ ವಯಸ್ಸಿನಲ್ಲಿ ಒಂದು ಗತ್ತು.

ಬಾಸ್ಟನ್ ನಗರದಲ್ಲಿ 1996ರಲ್ಲಿ ಪೊಲೀಸರು, ಪಾದ್ರಿಗಳು, ಸಮಾಜ ಕಾರ್ಯಕರ್ತರು ಸೇರಿ ಗ್ಯಾಂಗುಗಳನ್ನು ಎದುರು ಕೂರಿಸಿ ಎರಡು ಮಾತು ಹೇಳಿದರು. ಇನ್ನೊಂದು ಗುಂಡು ಹಾರಿದರೆ ಇಡೀ ಗುಂಪಿನ ಮೇಲೆ ಕ್ರಮ ಖಂಡಿತ. ಬಿಡುವವರಿಗೆ ಸಹಾಯವೂ ಖಂಡಿತ. ಅಲ್ಲಿ ಯುವಕರ ಕೊಲೆಗಳು ದೊಡ್ಡ ಪ್ರಮಾಣದಲ್ಲಿ ಇಳಿದವು. ಖಂಡಿತ ಅನ್ನುವ ಮಾತನ್ನು ಗಮನಿಸಿ ಸರ್. ಹುಡುಗರು ಹೆದರುವುದು ಶಿಕ್ಷೆಯ ಉದ್ದಕ್ಕೆ ಅಲ್ಲ, ತಪ್ಪಿಸಿಕೊಳ್ಳಲು ಆಗುವುದಿಲ್ಲ ಅನ್ನುವುದಕ್ಕೆ. ತಮ್ಮನ ಕೇಸಿನಲ್ಲಿ ಸಾಕ್ಷಿ ಹೇಳಲು ಪಕ್ಕದ ಅಂಗಡಿಯವರು ಬಂದರಾ? ಬಂದಿಲ್ಲದಿದ್ದರೆ, ಅವರ ಜೊತೆ ಕೋರ್ಟಿಗೆ ಹೋಗಿ ಕೂರುವ ಕೆಲಸ ನಿಮ್ಮಂಥ ನಿವೃತ್ತರು ಮಾಡಬಹುದು. ಲಾಠಿಗಿಂತ ಅದು ಗಟ್ಟಿ.

ಪ್ರಶ್ನೆ: ನನಗೆ 22 ವರ್ಷ. 19ರಲ್ಲಿ ಒಂದು ಹೊಡೆದಾಟದ ಕೇಸಿನಲ್ಲಿ ಇದ್ದೆ, ರೌಡಿ ಶೀಟ್ ಆಗಿದೆ. ಎರಡು ವರ್ಷದಿಂದ ಯಾವ ತಂಟೆಗೂ ಹೋಗಿಲ್ಲ. ಡೀಸೆಲ್ ಇಂಜಿನ್ ರಿಪೇರಿ ಗೊತ್ತು. ಆದರೆ ಹೆಸರು ಕೇಳಿದ ಕೂಡಲೇ ಯಾರೂ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ಹಳೇ ಗ್ರೂಪಿನವರು ಮಾತ್ರ ಕರೀತಾ ಇದ್ದಾರೆ.
— ಮಲ್ಪೆ

ಉತ್ತರ: ಎರಡು ವರ್ಷ ನೀವು ಒಬ್ಬರೇ ತಡೆದು ನಿಂತಿದ್ದೀರಿ, ಅದು ಎಷ್ಟು ಕಷ್ಟ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ರೌಡಿ ಶೀಟ್ ಜೀವನಪೂರ್ತಿ ಇರಲೇಬೇಕು ಅಂತ ಇಲ್ಲ. ನಡತೆ ಸರಿ ಇದ್ದರೆ ಅದನ್ನು ತೆಗೆಯಲು ಅವಕಾಶ ಇದೆ. ವಕೀಲರ ಸಹಾಯದಿಂದ ಮೇಲಧಿಕಾರಿಗಳಿಗೆ ಮನವಿ ಕೊಡಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಉಡುಪಿ ಕೋರ್ಟಿನಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳಿ. ಅಲ್ಲಿವರೆಗೆ ಠಾಣೆಗೆ ಕರೆದಾಗ ತಪ್ಪಿಸಬೇಡಿ, ಕೋರ್ಟಿನ ತಾರೀಕು ತಪ್ಪಿಸಬೇಡಿ.

ಈಗ ನಾನು ಓದುಗರ ಕಡೆ ತಿರುಗಿ ಹೇಳುತ್ತೇನೆ. ಲಾಸ್ ಏಂಜಲೀಸ್‌ನಲ್ಲಿ ಗ್ರೆಗ್ ಬಾಯ್ಲ್ ಎಂಬ ಪಾದ್ರಿ 1988ರಲ್ಲಿ ಇಂಥ ಹುಡುಗರಿಗೆ ಕೆಲಸ ಹುಡುಕಿಕೊಡಲು ಶುರು ಮಾಡಿದರು. ಆಮೇಲೆ ಒಂದು ಬೇಕರಿಯನ್ನೇ ತೆರೆದರು. ಒಬ್ಬರನ್ನೊಬ್ಬರು ಕೊಲ್ಲಲು ಹೊರಟಿದ್ದ ಗುಂಪಿನವರು ಅಲ್ಲಿ ಅಕ್ಕಪಕ್ಕ ನಿಂತು ಹಿಟ್ಟು ನಾದಿದರು. ಇವತ್ತಿಗೂ ಅದು ನಡೆಯುತ್ತಿದೆ. ನಮ್ಮ ಬಂದರಿನಲ್ಲಿ ಎಷ್ಟು ಬೋಟು, ಎಷ್ಟು ವರ್ಕ್‌ಶಾಪ್ ಉಂಟು! ಆಗಸ್ಟಿನಲ್ಲಿ ಬೋಟುಗಳು ಮತ್ತೆ ಇಳಿಯುವ ಮೊದಲು ಇಂಜಿನ್ ಕೆಲಸಕ್ಕೆ ಜನ ಸಿಗುವುದಿಲ್ಲ ಅಂತ ಮಾಲೀಕರು ಪ್ರತಿ ವರ್ಷ ಹೇಳುವುದನ್ನು ಕೇಳಿದ್ದೇನೆ. ಮೂರು ತಿಂಗಳು ನೋಡಿ, ಸಂಬಳ ವಾರಕ್ಕೊಮ್ಮೆ ಕೊಡಿ, ಮೊದಲ ದಿನವೇ ಹಳೇ ಕೇಸಿನ ವಿಷಯ ಕೂತು ಮಾತಾಡಿ ಮುಗಿಸಿ. ಇಂಜಿನ್ ಕೆಲಸ ಬಲ್ಲ ಹುಡುಗ ಬೇಕಾದವರು ಪತ್ರಿಕೆಯ ವಿಳಾಸಕ್ಕೆ, ಲಕೋಟೆಯ ಮೇಲೆ "ಟೀಚರಿಗೆ" ಅಂತ ಬರೆದು ಒಂದು ಪತ್ರ ಹಾಕಿ. ನಾನೇ ಅವರಿಗೆ ತಲುಪಿಸುತ್ತೇನೆ, ಬೇಕಾದರೆ ಮೊದಲ ದಿನ ಜೊತೆಗೆ ಬರುತ್ತೇನೆ.